ಬೇರೆಯವರ ಮನೆಯಲ್ಲಿ ಬೆಳೆದ ಮಕ್ಕಳನ್ನು ಕೇಳೋಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಗ್ರಾಮೀಣ ವಿದ್ಯಾರ್ಥಿಗಳು ಮತ್ತು ಮಾಹಿತಿ ತಂತ್ರಜ್ಞಾನ’. ನಾನು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಾದ್ದರಿಂದ ಅದು ಸರಿಯಾದ ವಿಷಯವೇ. ಭಾಷಣ ಬರೆದುಕೊಂಡೂ ಬಂದಿದ್ದೆ. ಆದರೆ ನಿನ್ನೆ ನಸುಕಿನಲ್ಲಿ ಹುನಗುಂದ ಬಸ್ ನಿಲ್ದಾಣದಲ್ಲಿ ಇಳಿದಾಗ ಒಂದು ದೃಶ್ಯ ಕಂಡೆ. ಗಂಡ ಹೆಂಡತಿ ಇಬ್ಬರು, ಎರಡು ಗಂಟು, ಒಂದು ಪ್ಲಾಸ್ಟಿಕ್ ಕೊಡ. ಗೋವಾಕ್ಕೆ ದುಡಿಯಲು ಹೊರಟವರು. ಪಕ್ಕದಲ್ಲಿ ಒಬ್ಬ ಅಜ್ಜಿ, ಅಜ್ಜಿಯ ಸೆರಗು ಹಿಡಿದ ಎಂಟೊಂಬತ್ತು ವರ್ಷದ ಹುಡುಗ. ಬಸ್ಸು ಹೊರಟಿತು. ಹುಡುಗ ಅಳಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಿದ್ದ. ಬರೆದುಕೊಂಡು ಬಂದ ಭಾಷಣ ನನ್ನ ಚೀಲದಲ್ಲೇ ಉಳಿಯಿತು. ವಿಷಯ ಬದಲಿಸಿದ್ದಕ್ಕೆ ಕ್ಷಮೆ ಇರಲಿ. ತಂತ್ರಜ್ಞಾನದ ಮಾತೂ ನಡುವೆ ಬರುತ್ತದೆ, ಆದರೆ ನಾನು ಸೋತ ಕಥೆಯಾಗಿ ಬರುತ್ತದೆ.

ನಿಮ್ಮಲ್ಲಿ ಹಿರಿಯರಿಗೆ ಗೊತ್ತು, ನಾನು ಈ ಊರಿನಲ್ಲಿ ಹುಟ್ಟಿದವನಲ್ಲ. ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯವನು. ನನಗೆ ಒಂಬತ್ತು ವರ್ಷ ಇದ್ದಾಗ ಅವ್ವ ತೀರಿಕೊಂಡಳು. ಅಪ್ಪ ಕಟ್ಟಡ ಕೆಲಸಕ್ಕೆಂದು ಹೋದವರು ಮೊದಲ ವರ್ಷ ಎರಡು ಸಲ ಬಂದರು, ಆಮೇಲೆ ಬರಲಿಲ್ಲ. ಈ ಊರಿನ ನೇಕಾರರ ಓಣಿಯಲ್ಲಿದ್ದ ಚಿಗವ್ವ ನನ್ನನ್ನು ಕರೆದುಕೊಂಡು ಬಂದಳು. ಆಕೆಯ ಮನೆಯಲ್ಲಿ ಆಗಲೇ ಮೂರು ಮಕ್ಕಳು, ಒಂದು ಮಗ್ಗ. ನಾಲ್ಕನೆಯವನಾಗಿ ನಾನು ಸೇರಿದೆ. ಅಲ್ಲೇ ಉಂಡೆ, ಅಲ್ಲೇ ಮಲಗಿದೆ, ಮಗ್ಗದ ಸಪ್ಪಳದಲ್ಲೇ ಓದಿದೆ. ಅಂದರೆ ನಾನು ಬೇರೆಯವರ ಮನೆಯಲ್ಲಿ ಬೆಳೆದ ಹುಡುಗ. ಇದನ್ನು ಮೂವತ್ತಾರು ವರ್ಷಕ್ಕೆ ಮೊದಲ ಸಲ ಮೈಕಿನ ಮುಂದೆ ಹೇಳುತ್ತಿದ್ದೇನೆ.

ಆ ದಿನಗಳಲ್ಲಿ ನನ್ನ ಬಗ್ಗೆ ಮರುಕ ತೋರಿದವರು ಬಹಳ ಜನ. ಹಳೇ ಅಂಗಿ ಕೊಟ್ಟವರಿದ್ದರು, ಹಬ್ಬದಲ್ಲಿ ಹೋಳಿಗೆ ಕೊಟ್ಟವರಿದ್ದರು. ಅವರ ಋಣ ದೊಡ್ಡದು. ಆದರೆ ‘ನಿನಗ ಏನ್ ಬೇಕಪಾ?’ ಎಂದು ಕೇಳಿದವರು ಒಬ್ಬರೇ. ನಾನು ಎಂಟನೆಯ ತರಗತಿಗೆ ಈ ಶಾಲೆಗೆ ಬಂದಾಗ ನಮಗೆ ಗಣಿತ ಹೇಳುತ್ತಿದ್ದ ಗುರುಗಳು. ಅದಕ್ಕೂ ಸ್ವಲ್ಪ ಮುಂಚೆ ಬೇರೆ ಕಡೆ ನಡೆದ ಒಂದು ದಾನದ ಕಾರ್ಯಕ್ರಮದಲ್ಲಿ ‘ತಂದೆ ತಾಯಿ ಇಲ್ಲದ ಮಕ್ಕಳು ಎದ್ದು ನಿಲ್ರಿ’ ಎಂದು ಮೈಕಿನಲ್ಲಿ ಕೂಗಿ, ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು ನೋಟ್‌ಬುಕ್ ಕೊಟ್ಟಿದ್ದರು. ನಾನು ಗುರುಗಳಿಗೆ ಹೇಳಿದೆ: ‘ಸರ, ನೋಟ್‌ಬುಕ್ ಕೊಡೂದಾದ್ರ ಕೊಡ್ರಿ, ಆದ್ರ ಎಲ್ಲರ ಮುಂದ ನಿಂದ್ರಸಬ್ಯಾಡ್ರಿ.’ ಅವರು ಒಂದು ಗಳಿಗೆ ಸುಮ್ಮನಿದ್ದರು. ಮರುವರ್ಷದಿಂದ ನಮ್ಮಂಥ ಆರೇಳು ಮಕ್ಕಳಿಗೆ ಪುಸ್ತಕಗಳು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಸಿಬ್ಬಂದಿ ಕೋಣೆಯಲ್ಲಿ, ಯಾರಿಗೂ ಕಾಣದಂತೆ ಸಿಗತೊಡಗಿದವು. ಖರ್ಚು ಒಂದು ಪೈಸೆಯೂ ಹೆಚ್ಚಾಗಲಿಲ್ಲ. ಬದಲಾದದ್ದು ಇಷ್ಟೇ, ಒಬ್ಬರು ಕೇಳಿದರು, ಕೇಳಿದ್ದನ್ನು ಮಾಡಿದರು.

ಇವತ್ತು ನಾನು ಹೇಳಬೇಕಾದದ್ದೂ ಅಷ್ಟೇ. ತಂದೆ ತಾಯಿಯ ಆಸರೆ ಇಲ್ಲದೆ ಬೆಳೆಯುವ ಮಕ್ಕಳಿಗಾಗಿ ಸರ್ಕಾರವಿದೆ, ಕಾಯ್ದೆ ಇದೆ, ಯೋಜನೆ ಇದೆ, ದಾನಿಗಳಿದ್ದಾರೆ. ಆ ವ್ಯವಸ್ಥೆ ಎಲ್ಲಿ ಸೋರುತ್ತಿದೆ ಎಂದು ಬಲ್ಲವರು ಅದರೊಳಗೆ ಬೆಳೆದ ಮಕ್ಕಳು, ಬೆಳೆದು ಹೊರಬಂದ ಯುವಕ ಯುವತಿಯರು. ಜೋಡು ಎಲ್ಲಿ ಕಚ್ಚತೈತಿ ಅಂತ ಮೆಟ್ಟಿದವನಿಗೇ ಗೊತ್ತಲ್ಲವೇ? ಅವರನ್ನು ಕೇಳಬೇಕು. ಕೇಳಿ ಚಪ್ಪಾಳೆ ತಟ್ಟಿ ಕಳಿಸುವುದಲ್ಲ, ನಿರ್ಧಾರ ಮಾಡುವ ಸಭೆಯಲ್ಲಿ ಅವರಿಗೊಂದು ಕುರ್ಚಿ ಹಾಕಬೇಕು.

ಮೊದಲು ನಮ್ಮ ಭಾಗದಲ್ಲಿ ಈ ಮಕ್ಕಳು ಯಾರು ಎಂದು ನೋಡೋಣ. ಅನಾಥ ಎಂದ ಕೂಡಲೇ ನಮಗೆ ಸಿನಿಮಾದ ಚಿತ್ರ ನೆನಪಾಗುತ್ತದೆ. ನಿಜದಲ್ಲಿ ಇವರು ನಮ್ಮ ಓಣಿಯಲ್ಲೇ ಇದ್ದಾರೆ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಮಂಗಳೂರು, ಉಡುಪಿ, ಗೋವಾ ಕಡೆ ದುಡಿಯಲು ಹೋದವರು ಅಜ್ಜಿಯ ಹತ್ತಿರ ಬಿಟ್ಟ ಮಕ್ಕಳು. ಅಪ್ಪ ಸತ್ತು, ಅವ್ವ ಒಬ್ಬಳೇ ಕೂಲಿ ಮಾಡಿ ಸಾಕುವ ಮಕ್ಕಳು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೂ ಅದರ ನೋವು ಹೊತ್ತ ತಾಯಂದಿರ ಮಕ್ಕಳು, ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಜಾಗಕ್ಕೆ ಬಂದು ಪೆನ್ನು ನಿಲ್ಲಿಸುವ ಮಕ್ಕಳು. ಕೊರೊನಾದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡವರು. ಇವರಲ್ಲಿ ಬಹುಪಾಲು ಮಕ್ಕಳನ್ನು ಸಾಕುತ್ತಿರುವುದು ಸರ್ಕಾರವೂ ಅಲ್ಲ, ಸಂಸ್ಥೆಯೂ ಅಲ್ಲ. ಅಜ್ಜಿ, ಸೋದರಮಾವ, ದೊಡ್ಡವ್ವ, ಚಿಗವ್ವ. ಯಾರೂ ಇಲ್ಲದಾಗ ಮಾತ್ರ ಮಗು ಬಾಲಮಂದಿರಕ್ಕೋ ಮಕ್ಕಳ ಪಾಲನಾ ಸಂಸ್ಥೆಗೋ ಹೋಗುತ್ತದೆ.

ಇದನ್ನೆಲ್ಲ ನೋಡಿಕೊಳ್ಳಲು ಇರುವುದು 2015ರ ಬಾಲನ್ಯಾಯ ಕಾಯ್ದೆ. ಊರಿನವರು ತಿಳಿದಿರಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಈ ಕಾಯ್ದೆಯಂತೆ ಜಿಲ್ಲೆಗೆ ಮಕ್ಕಳ ಕಲ್ಯಾಣ ಸಮಿತಿ ಇರುತ್ತದೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ. ಆಸರೆ ತಪ್ಪಿದ ಮಗು ಸಿಕ್ಕರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಈ ಸಮಿತಿಯ ಮುಂದೆ ತರಬೇಕು. 1098ಕ್ಕೆ ಫೋನು ಮಾಡಿದರೂ ಸಾಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಈ ಕೆಲಸಗಳನ್ನು ಮಾಡಿಸುತ್ತದೆ.

ಇನ್ನು ಹಣದ ವಿಷಯ. ಮಿಷನ್ ವಾತ್ಸಲ್ಯ ಎಂಬ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಪ್ರಾಯೋಜಕತ್ವ ಎಂಬ ನೆರವು ಇದೆ, ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆಯಾಗಿದ್ದರೆ, ಗಂಡ ಬಿಟ್ಟವಳಾಗಿದ್ದರೆ, ತಂದೆ ತಾಯಿ ಇಲ್ಲದ ಮಗು ಬಂಧುಗಳ ಮನೆಯಲ್ಲಿದ್ದರೆ ಅರ್ಜಿ ಹಾಕಬಹುದು. ಕುಟುಂಬದ ಆದಾಯ ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿ, ಉಳಿದ ಕಡೆ 96,000 ರೂಪಾಯಿ ಮೀರಬಾರದು. ಪೋಷಕತ್ವ ಎಂಬುದು ಬೇರೆ. ಅಲ್ಲಿ ಬಂಧುಗಳಲ್ಲದ ಕುಟುಂಬವೊಂದು ಸಮಿತಿಯ ಒಪ್ಪಿಗೆಯಿಂದ ಮಗುವನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ಸಾಕುತ್ತದೆ. 2024ರ ಹೊಸ ಮಾರ್ಗಸೂಚಿಯಂತೆ ಮದುವೆಯಾಗದವರೂ ಪೋಷಕರಾಗಬಹುದು. ನಾನು ಇಷ್ಟನ್ನೂ ತಿಳಿದುಕೊಂಡದ್ದು ಮೂವತ್ತು ದಾಟಿದ ಮೇಲೆ. ಹೇಗೆ ತಿಳಿಯಿತು ಎನ್ನುವುದೇ ನನ್ನ ಸೋಲಿನ ಕಥೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನಾವು ಏಳೆಂಟು ಎಂಜಿನಿಯರ್ ಗೆಳೆಯರು ಸೇರಿ ಸಮಾಜಕ್ಕೆ ಏನಾದರೂ ಮಾಡಬೇಕೆಂದು ಹೊರಟೆವು. ಒಂದು ಮಕ್ಕಳ ಪಾಲನಾ ಸಂಸ್ಥೆಗಾಗಿ ಆ್ಯಪ್ ಮಾಡಿದೆವು. ಸಂಸ್ಥೆಯ ಹೆಸರು ಬೇಡ, ಏಕೆಂದರೆ ತಪ್ಪು ನಮ್ಮದು. ಹಾಜರಿ, ಆರೋಗ್ಯ, ಅಂಕಗಳು, ಊಟದ ಪಟ್ಟಿ, ಎಲ್ಲ ಅದರಲ್ಲಿ. ಕೆಳಗೆ ಒಂದು ಕೆಂಪು ಗುಂಡಿ, ‘ದೂರು’. ಮಗು ಒತ್ತಿದರೆ ಸಾಕು, ನೇರವಾಗಿ ದಾಖಲಾಗುತ್ತದೆ. ಒಂದು ಟ್ಯಾಬ್ ಕೂಡ ಕೊಟ್ಟು, ಹಾರ ಹಾಕಿಸಿಕೊಂಡು ಬಂದೆವು. ಮೂರು ತಿಂಗಳಲ್ಲಿ ಬಂದ ದೂರುಗಳು ಸೊನ್ನೆ. ಮಕ್ಕಳು ಸಂತೋಷವಾಗಿದ್ದಾರೆ ಎಂದು ನಾವು ಹಿಗ್ಗಿದೆವು.

ಮುಂದಿನ ಸಲ ಹೋದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಮಾತಿನ ಧಾಟಿ ಕೇಳಿ, ನಮ್ಮ ಕಡೆಯವನೆಂದು ಗುರುತು ಹಿಡಿದು ಹತ್ತಿರ ಬಂದಳು. ‘ಸರ, ಆ ಟ್ಯಾಬ್ ಆಫೀಸಿನ ಕಪಾಟಿನ್ಯಾಗ ಇರತೈತ್ರಿ. ಕೀಲಿ ಮೇಡಮ್ಮರ ಕಡೆ ಇರತೈತ್ರಿ. ಮೇಡಮ್ಮರ ಮ್ಯಾಲ ಏನರ ಹೇಳಬೇಕಂದ್ರ ಮೇಡಮ್ಮರನ್ನ ಕೀಲಿ ಕೇಳಬೇಕಲ್ರಿ’ ಅಂದಳು. ನಾನು ಬಿ.ಇ. ಓದಿದವನು. ನಮ್ಮ ಕೆಲಸದಲ್ಲಿ ಮೊದಲ ಪಾಠವೇ, ಬಳಸುವವರನ್ನು ಕೇಳದೆ ಏನನ್ನೂ ಕಟ್ಟಬಾರದು ಎಂಬುದು. ಬ್ಯಾಂಕಿಗೆ ಆ್ಯಪ್ ಮಾಡುವಾಗ ನೂರಾರು ಗ್ರಾಹಕರನ್ನು ಕೇಳುತ್ತೇವೆ. ಈ ಮಕ್ಕಳಿಗೆ ಮಾಡುವಾಗ ಒಬ್ಬರನ್ನೂ ಕೇಳಿರಲಿಲ್ಲ. ಬೇರೆಯವರ ಮನೆಯಲ್ಲಿ ಬೆಳೆದ ನಾನೇ ಕೇಳಿರಲಿಲ್ಲ.

ಆ ದಿನ ಸಂಜೆ ಮಕ್ಕಳಿಗೆ ಹಾಳೆ ಹಂಚಿ, ಹೆಸರು ಬರೆಯದೆ, ಏನು ಬದಲಾಗಬೇಕೋ ಬರೆಯಿರಿ ಎಂದೆವು. ಬಂದ ಉತ್ತರಗಳಲ್ಲಿ ಕೆಲವು: ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು. ಬೇರೆ ಸಂಸ್ಥೆಯಲ್ಲಿರುವ ತಮ್ಮನ ಜೊತೆ ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಮಾತಾಡಬೇಕು. ನನ್ನ ಕೇಸು ಎಲ್ಲಿಗೆ ಬಂತು, ನಾನು ಮನೆಗೆ ಯಾವಾಗ ಹೋಗುತ್ತೇನೆ ಎಂದು ಯಾರಾದರೂ ಹೇಳಬೇಕು. ಹುಟ್ಟುಹಬ್ಬಕ್ಕೆಂದು ಬಂದು ಕೇಕ್ ಕತ್ತರಿಸುವವರು ನಮ್ಮ ಫೋಟೋ ತೆಗೆಯಬಾರದು. ನಮ್ಮ ಆ್ಯಪ್‌ನಲ್ಲಿ ನಲವತ್ತಕ್ಕೂ ಹೆಚ್ಚು ಸೌಲಭ್ಯಗಳಿದ್ದವು. ಈ ನಾಲ್ಕರಲ್ಲಿ ಒಂದೂ ಅದರಲ್ಲಿ ಇರಲಿಲ್ಲ. ಚಿಲಕಗಳನ್ನು ಮರುವಾರವೇ ಹಾಕಿಸಿದರು. ಅದಕ್ಕೆ ಆ್ಯಪ್ ಬೇಕಿರಲಿಲ್ಲ, ಬಡಿಗ ಬೇಕಿತ್ತು.

ಮನೆಗೆ ಬಂದು ಕಾಯ್ದೆ ತೆಗೆದು ಓದಲು ಕುಳಿತೆ. ಆಗ ನಾಚಿಕೆ ಇನ್ನೂ ಹೆಚ್ಚಾಯಿತು. ನಾನು ಹೊಸದಾಗಿ ಕಂಡುಹಿಡಿದೆ ಅಂದುಕೊಂಡದ್ದು ಅದರಲ್ಲಿ ಆಗಲೇ ಬರೆದಿತ್ತು. ತನಗೆ ಸಂಬಂಧಿಸಿದ ಎಲ್ಲ ನಿರ್ಧಾರಗಳಲ್ಲಿ ತನ್ನ ಮಾತು ಹೇಳುವ ಹಕ್ಕು ಮಗುವಿಗಿದೆ ಎಂದು ಕಾಯ್ದೆಯ 3ನೇ ಕಲಮು ಹೇಳುತ್ತದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಇದನ್ನೇ ಹೇಳುತ್ತದೆ, ಭಾರತ ಅದನ್ನು 1992ರಲ್ಲಿ ಒಪ್ಪಿದೆ. 2016ರ ಮಾದರಿ ನಿಯಮಗಳು ಇನ್ನೂ ಸ್ಪಷ್ಟ. ಪ್ರತಿ ಸಂಸ್ಥೆಯಲ್ಲೂ ಮಕ್ಕಳ ಸಮಿತಿಗಳಿರಬೇಕು. 6ರಿಂದ 10, 11ರಿಂದ 15, 16ರಿಂದ 18 ವರ್ಷದವರಿಗೆ ಬೇರೆ ಬೇರೆ, ಅವುಗಳಲ್ಲಿ ಮಕ್ಕಳೇ ಸದಸ್ಯರು. ಸಂಸ್ಥೆಯನ್ನು ನೋಡಿಕೊಳ್ಳುವ ನಿರ್ವಹಣಾ ಸಮಿತಿಯಲ್ಲಿ ಆ ಮಕ್ಕಳ ಪ್ರತಿನಿಧಿಗಳೂ ಕೂರಬೇಕು. ಸಲಹಾ ಪೆಟ್ಟಿಗೆಯೊಂದು ಇರಬೇಕು, ಅದನ್ನು ಆಫೀಸಿನಿಂದ ದೂರ, ಮಕ್ಕಳು ಮಲಗುವ ಕೋಣೆಗಳ ಹತ್ತಿರ ಇಡಬೇಕು. ಕೀಲಿಕೈ ಸಂಸ್ಥೆಯ ಮುಖ್ಯಸ್ಥರ ಹತ್ತಿರ ಇರುವಂತಿಲ್ಲ, ನಿರ್ವಹಣಾ ಸಮಿತಿಯ ಅಧ್ಯಕ್ಷರ ಹತ್ತಿರ ಇರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯವರ ಎದುರಿನಲ್ಲೇ ಪೆಟ್ಟಿಗೆ ತೆಗೆಯಬೇಕು.

ನೋಡಿ, ಕೀಲಿಕೈ ಯಾರ ಹತ್ತಿರ ಇರಬೇಕೆಂದು ನಿಯಮ ಬರೆದವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆದರೆ ನಿಯಮ ಪುಸ್ತಕದಲ್ಲಿದ್ದರೆ ಸಾಲದು. ಪೆಟ್ಟಿಗೆ ಗೋಡೆಗೆ ಹೊಡೆದಿದ್ದರೆ ಸಾಲದು, ಅದನ್ನು ತೆಗೆಯುತ್ತಾರೋ ಇಲ್ಲವೋ ನೋಡಬೇಕು. ನೋಡಲು ಯೋಗ್ಯರಾದವರು ಯಾರು? ಒಂದು ಕಾಲಕ್ಕೆ ಅದೇ ಪೆಟ್ಟಿಗೆಯಲ್ಲಿ ಚೀಟಿ ಹಾಕಿದವರು, ಅಥವಾ ಹಾಕಲು ಹೆದರಿದವರು.

‘ಹುಡುಗರ ಮಾತು ಕೇಳಿ ಆಡಳಿತ ಮಾಡಾಕ ಆಗತೈತೇನ?’ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮ್ಮ ಕರ್ನಾಟಕದಲ್ಲೇ ಆಗಿದೆ. 1990ರಲ್ಲಿ ದುಡಿಯುವ ಮಕ್ಕಳು ಸೇರಿ ಭೀಮ ಸಂಘ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಹೋಟೆಲು, ಗ್ಯಾರೇಜುಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ದೊಡ್ಡವರು ಮಾತಾಡುತ್ತಿದ್ದ ಕಾಲದಲ್ಲಿ ಆ ಮಕ್ಕಳೇ ಮಾತಾಡತೊಡಗಿದರು. ಅದೇ ದಶಕದಲ್ಲಿ ಕುಂದಾಪುರದ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಶಾಲೆಯ ದಾರಿಯಲ್ಲಿ ಹಳ್ಳ ದಾಟುವ ಕಾಲುಸಂಕದಂಥ, ದೊಡ್ಡವರ ಪಟ್ಟಿಯಲ್ಲಿ ಬಾರದ ವಿಷಯಗಳನ್ನು ಮಕ್ಕಳು ಪಂಚಾಯಿತಿಯ ಮುಂದಿಟ್ಟರು. ಆಮೇಲೆ ಸರ್ಕಾರವೇ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಹೇಳಿತು. ನಮ್ಮ ಪಂಚಾಯಿತಿಯಲ್ಲೂ ನಡೆಯುತ್ತದೆ. ಅಲ್ಲಿ ಶಾಲೆಯ ಚುರುಕಾದ ಮಕ್ಕಳು ಎದ್ದು ಶೌಚಾಲಯ, ಆಟದ ಮೈದಾನ ಕೇಳುತ್ತಾರೆ, ಒಳ್ಳೆಯದೇ. ಆದರೆ ಅಜ್ಜಿಯ ಮನೆಯಲ್ಲಿ ಬೆಳೆಯುವ, ವಾರಕ್ಕೆರಡು ದಿನ ಶಾಲೆ ತಪ್ಪಿಸಿ ಕುರಿ ಕಾಯುವ ಹುಡುಗ ಆ ಸಭೆಯಲ್ಲಿ ಎದ್ದು ನಿಂತದ್ದನ್ನು ಯಾರಾದರೂ ಕಂಡಿದ್ದೀರಾ?

ಹೊರದೇಶಗಳಲ್ಲಿ ಈ ಕೆಲಸ ಇನ್ನಷ್ಟು ಮುಂದೆ ಹೋಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ‘ಕ್ಯಾಲಿಫೋರ್ನಿಯಾ ಯೂತ್ ಕನೆಕ್ಷನ್’ ಎಂಬ ಸಂಘಟನೆ ಶುರುವಾಯಿತು. ಪೋಷಕ ಕುಟುಂಬಗಳಲ್ಲಿ, ಸಂಸ್ಥೆಗಳಲ್ಲಿ ಬೆಳೆದ ಹುಡುಗ ಹುಡುಗಿಯರೇ ಅದರ ಸದಸ್ಯರು. ಅವರು ಜಿಲ್ಲೆ ಜಿಲ್ಲೆಗೆ ಶಾಖೆ ಮಾಡಿಕೊಂಡು, ಶಾಸಕರ ಮುಂದೆ ಹೋಗಿ ಕೂತು, ಕಾನೂನು ಹೇಗಿರಬೇಕೆಂದು ಹೇಳುತ್ತಾರೆ. ಸ್ಕಾಟ್ಲೆಂಡಿನಲ್ಲಿ 2017ರಿಂದ 2020ರವರೆಗೆ ಇಡೀ ಮಕ್ಕಳ ಪಾಲನಾ ವ್ಯವಸ್ಥೆಯ ಪರಿಶೀಲನೆ ನಡೆಯಿತು. 5,500ಕ್ಕೂ ಹೆಚ್ಚು ಜನರ ಅನುಭವ ಕೇಳಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆ ವ್ಯವಸ್ಥೆಯನ್ನು ಸ್ವತಃ ಕಂಡ ಮಕ್ಕಳು, ಯುವಜನರು. ಅಲ್ಲಿ ಬಹಳ ಜನ ಹೇಳಿದ ಒಂದು ನೋವು, ಅಣ್ಣತಮ್ಮ ಅಕ್ಕತಂಗಿಯರನ್ನು ಬೇರೆ ಮಾಡಬೇಡಿ ಎಂಬುದು. 2021ರಲ್ಲಿ ಅಲ್ಲಿ ಒಡಹುಟ್ಟಿದವರನ್ನು ಸಾಧ್ಯವಾದಷ್ಟೂ ಒಟ್ಟಿಗೆ ಇಡಬೇಕು, ಬೇರೆ ಇಟ್ಟರೂ ಸಂಪರ್ಕ ತಪ್ಪಿಸಬಾರದು ಎಂಬುದು ಕಾನೂನಿನ ಕರ್ತವ್ಯವಾಯಿತು.

ಇದನ್ನು ಓದಿದಾಗ ನನಗೆ ಆ ಹಾಳೆ ನೆನಪಾಯಿತು, ‘ತಮ್ಮನ ಜೊತೆ ವಾರಕ್ಕೊಮ್ಮೆ ಫೋನು’. ನಮ್ಮಲ್ಲಿ ಹತ್ತು ವರ್ಷ ದಾಟಿದ ಮೇಲೆ ಹುಡುಗರ ಸಂಸ್ಥೆ ಬೇರೆ, ಹುಡುಗಿಯರ ಸಂಸ್ಥೆ ಬೇರೆ. ಅದಕ್ಕೆ ಕಾರಣವೂ ಇದೆ. ಆದರೆ ಅಕ್ಕ ಒಂದು ಕಡೆ, ತಮ್ಮ ಒಂದು ಕಡೆ ಆದಾಗ ನಡುವೆ ಒಂದು ಫೋನು, ತಿಂಗಳಿಗೊಂದು ಭೇಟಿ ಏರ್ಪಡಿಸುವುದು ದೊಡ್ಡ ಖರ್ಚಿನ ಕೆಲಸವೇ? ಸ್ಕಾಟ್ಲೆಂಡಿನ ಮಕ್ಕಳೂ ನಮ್ಮ ಕಡೆಯ ಆ ಹುಡುಗಿಯೂ ಒಂದೇ ಮಾತು ಹೇಳಿದ್ದರು. ಅಲ್ಲಿ ಕೇಳಿಸಿಕೊಂಡರು.

ಈಗ ಹದಿನೆಂಟರ ವಿಷಯ. ಇಳಕಲ್ ಸೀರೆ ನೇಯುವ ಮನೆಯಲ್ಲಿ ಬೆಳೆದವನು ನಾನು. ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಜೋಡಿಸಬೇಕು. ಆ ಹೊತ್ತಿನಲ್ಲಿ ಚಿಗವ್ವ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಸಂಸ್ಥೆಯಲ್ಲಿ ಬೆಳೆದ ಮಗುವಿಗೆ ಹದಿನೆಂಟು ತುಂಬುವ ದಿನ ಅಂಥ ಕೊಂಡಿ ಹಾಕುವ ಹೊತ್ತು. ಅಲ್ಲಿಯವರೆಗೆ ಊಟ, ಬಟ್ಟೆ, ಶಾಲೆ. ಮರುದಿನದಿಂದ ಅವನ ಬದುಕು ಅವನದು. ಕಾಯ್ದೆಯ 46ನೇ ಕಲಮಿನಲ್ಲಿ ಇದಕ್ಕೂ ದಾರಿ ಇದೆ, ಅನುಪಾಲನೆ ಎನ್ನುತ್ತಾರೆ. 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ನೆರವು ಕೊಡಬಹುದು. ಆದರೆ ಹೊರಬರುವ ಹುಡುಗನಿಗೆ ಇದು ಗೊತ್ತಿರಬೇಕಲ್ಲ?

ಬಾಗಲಕೋಟೆಯಲ್ಲಿ ಬಿ.ಇ. ಓದುವಾಗ ನನಗೊಬ್ಬ ಗೆಳೆಯನಿದ್ದ. ಕಾಲೇಜಿನವನಲ್ಲ, ನಾವು ಊಟ ಮಾಡುತ್ತಿದ್ದ ಖಾನಾವಳಿಯಲ್ಲಿ ಕೆಲಸಕ್ಕಿದ್ದವನು. ಬೇರೊಂದು ಜಿಲ್ಲೆಯ ಸಂಸ್ಥೆಯಲ್ಲಿ ಬೆಳೆದು ಹದಿನೆಂಟಕ್ಕೆ ಹೊರಬಂದವನು. ಇಂದು ಅವನದೇ ಚಿಕ್ಕ ಅಂಗಡಿ ಇದೆ. ಹೋದ ವರ್ಷ ಅವನನ್ನು ಕೇಳಿದೆ: ‘ನೀ ಹೊರಗ ಬಂದಾಗ ಎಲ್ಲಕ್ಕಿಂತ ತ್ರಾಸ ಆಗಿದ್ದು ಯಾವುದು?’ ದುಡ್ಡು ಅನ್ನುತ್ತಾನೆ ಎಂದುಕೊಂಡಿದ್ದೆ. ಅವನೆಂದ: ‘ದೀಪಾವಳಿ. ಖಾನಾವಳಿ ಮೂರು ದಿನ ಬಂದ್ ಮಾಡತಿದ್ರು. ಎಲ್ಲಾರೂ ಊರಿಗೆ ಹೋಗವರು. ನಾ ಎಲ್ಲಿಗೆ ಹೋಗ್ಲಿ?’ ಮೊದಲ ವರ್ಷ ಆ ಮೂರು ದಿನವೂ ಬಸ್ ನಿಲ್ದಾಣದಲ್ಲಿ ಮಲಗಿದ್ದನಂತೆ. ಮಕ್ಕಳ ರಕ್ಷಣೆಯ ಯಾವ ನಮೂನೆಯಲ್ಲೂ ‘ಹಬ್ಬಕ್ಕೆ ಎಲ್ಲಿಗೆ ಹೋಗುತ್ತಾನೆ’ ಎಂಬ ಕಾಲಂ ನಾನು ಕಂಡಿಲ್ಲ. ಅವನನ್ನು ಒಂದು ದಿನ ಸಮಿತಿಯ ಸಭೆಯಲ್ಲಿ ಕೂರಿಸಿದ್ದರೆ ಆ ಪ್ರಶ್ನೆಯನ್ನೇ ಮೊದಲು ಬರೆಸುತ್ತಿದ್ದ. ಕೊರೊನಾದಲ್ಲಿ ತಂದೆ ತಾಯಿ ಕಳೆದುಕೊಂಡ ಮಕ್ಕಳಿಗೆ ಕೇಂದ್ರದ ಯೋಜನೆಯಲ್ಲಿ 23 ವರ್ಷ ತುಂಬಿದಾಗ 10 ಲಕ್ಷ ರೂಪಾಯಿ ಸಿಗುತ್ತದೆ. ಹಣ ಬರುತ್ತದೆ. ಆ ಹಣ ಬಂದ ದಿನ ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂದು ಹೇಳಲು ಒಬ್ಬ ಅಣ್ಣ ಬೇಕು, ಆ ದಾರಿ ತುಳಿದ ಅಣ್ಣ.

ಕೇಳುವುದಕ್ಕೂ ಒಂದು ರೀತಿ ಇದೆ. ಆ ಮಕ್ಕಳಿಂದಲೇ ಕಲಿತ ನಾಲ್ಕು ಮಾತು ಹೇಳುತ್ತೇನೆ. ಒಂದು, ಅವರ ಕಥೆ ಕೇಳಬೇಡಿ, ಅವರ ಸಲಹೆ ಕೇಳಿ. ನಿಮ್ಮ ಅಪ್ಪ ಹೇಗೆ ಸತ್ತ ಎಂದು ಹತ್ತು ಜನರ ಮುಂದೆ ಹೇಳಿಸುವುದು ಪುಣ್ಯದ ಕೆಲಸವಲ್ಲ. ಎರಡು, ಫೋಟೋ ಬೇಡ, ಹೆಸರು ಬೇಡ. ಕಾಯ್ದೆಯ 74ನೇ ಕಲಮಿನಂತೆ ಇಂಥ ಮಗುವಿನ ಗುರುತು ಬಯಲು ಮಾಡುವುದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮೂರು, ಒಬ್ಬರನ್ನೇ ಕರೆಯಬೇಡಿ. ಹತ್ತು ಜನ ದೊಡ್ಡವರ ನಡುವೆ ಒಬ್ಬ ಹುಡುಗಿ ಕೂತರೆ ಆಕೆ ತಲೆ ಅಲ್ಲಾಡಿಸಿ ಎದ್ದು ಬರುತ್ತಾಳೆ. ಕನಿಷ್ಠ ಇಬ್ಬರಿರಲಿ, ಬಸ್ ಚಾರ್ಜು ಕೊಡಿ, ಆ ದಿನದ ಕೂಲಿ ತಪ್ಪಿದ್ದರೆ ಅದನ್ನೂ ಕೊಡಿ. ನಾಲ್ಕು, ಹೇಳಿದ್ದು ಏನಾಯಿತು ಎಂದು ಅವರಿಗೆ ಬಂದು ತಿಳಿಸಿ. ಆಗಲಿಲ್ಲವಾದರೆ ಯಾಕೆ ಆಗಲಿಲ್ಲ ಎಂದಾದರೂ ಹೇಳಿ. ಉತ್ತರ ಬಾರದ ಪ್ರಶ್ನೆಯನ್ನು ಮಕ್ಕಳು ಎರಡನೆಯ ಸಲ ಕೇಳುವುದಿಲ್ಲ.

ಇದಕ್ಕೆಲ್ಲ ನಮ್ಮ ಶಾಲೆ ಏನು ಮಾಡಬಹುದು? ಐವತ್ತು ವರ್ಷದ ನೆನಪಿಗೆ ಕಮಾನು ಕಟ್ಟಿಸುತ್ತಿದ್ದೇವೆ, ಸಂತೋಷ. ಅದರ ಜೊತೆಗೆ ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ನನ್ನ ಮೂರು ಕೋರಿಕೆಗಳಿವೆ.

ಮೊದಲನೆಯದು, ನಮ್ಮ ಐವತ್ತು ವರ್ಷದ ವಿದ್ಯಾರ್ಥಿಗಳಲ್ಲಿ ನನ್ನಂತೆ ಅಜ್ಜಿಯ, ಅತ್ತೆಯ, ಮಠದ, ಬಾಲಮಂದಿರದ ಆಸರೆಯಲ್ಲಿ ಬೆಳೆದವರು ಅನೇಕರಿದ್ದಾರೆ. ಹೇಳಿಕೊಳ್ಳಲು ಮನಸ್ಸಿರುವವರು ಮುಂದೆ ಬರಲಿ. ಹತ್ತು ಜನ ಸಿಕ್ಕರೂ ಸಾಕು. ನಾವು ಒಂದು ಗುಂಪಾಗಿ ನವನಗರಕ್ಕೆ ಹೋಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕಂಡು, ವರ್ಷಕ್ಕೆರಡು ಸಲವಾದರೂ ನಮ್ಮಂಥವರ ಜೊತೆ ಕೂತು ಮಾತಾಡಿ ಎಂದು ಕೇಳೋಣ. ಜಗಳಕ್ಕಲ್ಲ, ಜೊತೆಗೆ ಕೆಲಸ ಮಾಡಲು. ಅಲ್ಲಿರುವ ಸಿಬ್ಬಂದಿಗೂ ಕಷ್ಟಗಳಿರುತ್ತವೆ, ಅವರಿಗೂ ನಮ್ಮಿಂದ ಉಪಯೋಗವಾದೀತು.

ಎರಡನೆಯದು, ಮುಂದಿನ ಮಕ್ಕಳ ಗ್ರಾಮಸಭೆಗೆ ಮುಂಚೆ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಸೇರಿ, ತಂದೆ ತಾಯಿ ಜೊತೆಗಿಲ್ಲದ ಮಕ್ಕಳನ್ನು ಬೇರೆಯಾಗಿ, ಸದ್ದಿಲ್ಲದೆ ಕೇಳಲಿ. ಅವರು ಹೇಳಿದ್ದನ್ನು ಹೆಸರಿಲ್ಲದೆ ಸಭೆಯಲ್ಲಿ ಓದಲಿ. ಅರ್ಹತೆ ಇರುವ ಪ್ರತಿ ಮನೆಯಿಂದ ಪ್ರಾಯೋಜಕತ್ವದ ಅರ್ಜಿ ಹೋಗಲಿ. ಅರ್ಜಿ ತುಂಬುವ ಕೆಲಸ ನಮ್ಮ ಸಂಘದ್ದು, ಅದಕ್ಕೆ ನನ್ನ ಕಂಪ್ಯೂಟರು ಸಿದ್ಧವಿದೆ.

ಮೂರನೆಯದು, ದೀಪಾವಳಿ. ಸಂಸ್ಥೆಗಳಿಂದ ಹೊರಬಂದು ಈ ಭಾಗದಲ್ಲಿ ದುಡಿಯುವ ಯುವಕ ಯುವತಿಯರಿಗೆ ಹಬ್ಬಕ್ಕೆ ಬರಲು ಒಂದು ಮನೆ ಇರಲಿ. ನಮ್ಮ ಸಂಘದಲ್ಲಿ ಹತ್ತು ಮನೆಗಳು ಬಾಗಿಲು ತೆರೆದರೆ ಹತ್ತು ಜನಕ್ಕೆ ಊರು ಸಿಕ್ಕಂತೆ. ನನ್ನ ಗೆಳೆಯ ಮೊದಲ ಮನೆಯಾಗಿ ತನ್ನ ಮನೆಯನ್ನು ಬರೆಸಿದ್ದಾನೆ.

ಇಳಕಲ್ಲಿನ ಮಹಾಂತ ಅಪ್ಪಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅವರು ಕಾಳು ಕಡಿ ಕೇಳಲಿಲ್ಲ, ನಿಮ್ಮ ದುಶ್ಚಟ ಹಾಕಿರಿ ಎಂದರು. ಕೊಡುವುದಕ್ಕಿಂತ ಮೊದಲು ಮನೆಬಾಗಿಲಿಗೆ ಹೋಗಿ ಕೇಳಬೇಕೆಂಬ ಪಾಠ ನಮ್ಮ ನೆಲದಲ್ಲೇ ಇದೆ. ನಾವೂ ಒಂದು ಜೋಳಿಗೆ ಹಿಡಿದು ಈ ಮಕ್ಕಳ ಹತ್ತಿರ ಹೋಗೋಣ. ಅವರು ತಮ್ಮ ಮಾತು ಹಾಕಲಿ.

ಕೊನೆಯದಾಗಿ ಒಂದು ಮಾತು. ನನ್ನ ಚಿಗವ್ವ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ನಿನ್ನೆ ರಾತ್ರಿ ಈ ಭಾಷಣದ ವಿಷಯ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ‘ನಿನ್ನ ಕರಕೊಂಡು ಬರುವಾಗ ಬರ್ತೀಯೇನಪಾ ಅಂತ ನಾನೂ ಕೇಳಲಿಲ್ಲಲ್ಲೋ’ ಅಂದಳು. ನಿಜ, ಕೇಳಿರಲಿಲ್ಲ. ಆದರೆ ಎಲ್ಲರೂ ನೋಡುತ್ತ ನಿಂತಾಗ ಕೈ ಹಿಡಿದವಳು ಆಕೆ. ರಾತ್ರಿ ನನಗೆ ಹೊಳೆದದ್ದು ಇನ್ನೊಂದು. ನಾಲ್ಕು ಮಕ್ಕಳು, ಒಂದು ಮಗ್ಗ, ಕೈಯಲ್ಲಿ ಕಾಸಿಲ್ಲ. ‘ನಿನಗ ಏನ್ ಬೇಕವಾ?’ ಎಂದು ಆಕೆಯನ್ನೂ ಯಾರೂ ಕೇಳಲಿಲ್ಲ. ಊರೂ ಕೇಳಲಿಲ್ಲ, ಸರ್ಕಾರವೂ ಕೇಳಲಿಲ್ಲ, ಬೆಳೆದು ದೊಡ್ಡವನಾದ ಮೇಲೆ ನಾನೂ ಕೇಳಲಿಲ್ಲ. ಬೆಳಿಗ್ಗೆ ಕೇಳಿದೆ. ಆಕೆಯ ಉತ್ತರ ನಮ್ಮಿಬ್ಬರ ನಡುವೆ ಇರಲಿ.

ನಿನ್ನೆ ಬಸ್ ನಿಲ್ದಾಣದಲ್ಲಿ ಕಂಡ ಆ ಹುಡುಗ ಮುಂದೆ ಯಾವುದೋ ಒಂದು ಶಾಲೆಗೆ ಬರುತ್ತಾನೆ, ಬಹುಶಃ ಈ ಶಾಲೆಗೇ ಬರಬಹುದು. ಅವನಿಗೆ ಚೀಲ, ಪುಸ್ತಕ ಕೊಡಿ. ಕೊಡುವ ಮುಂಚೆ ಅವನ ಪಕ್ಕದಲ್ಲಿ ಕುಳಿತು ಏನು ಬೇಕೆಂದು ಕೇಳಿ.